ಒತ್ತಕ್ಷರವನ್ನು ಕತ್ತರಿಸುವ ಕೋಡ್

ಹೈದರಾಬಾದಿನ ಪೂರ್ವಕ್ಕಿರುವ ನಾಚಾರಂ ಕಾರ್ಖಾನೆಗಳ ಸೀಮೆ. ಅದೇ ನಗರದ ಪಶ್ಚಿಮಕ್ಕೆ, ಮಾಧಾಪುರ, ಗಚ್ಚಿಬೌಲಿ, ರಾಯದುರ್ಗಂ ಕಡೆ, ಮೊಬೈಲ್ ಆ್ಯಪ್‌ಗಳಿಗೆ ಕೋಡ್ ಬರೆಯುವ ಕಚೇರಿಗಳು ಸಾಲುಗಟ್ಟಿವೆ. ನಾಚಾರಂ ಪಕ್ಕದ ಹಬ್ಸಿಗೂಡದಲ್ಲಿ ಮೆಟ್ರೊ ಹತ್ತಿದರೆ ರೈಲು ಬದಲಿಸದೆ ಅಲ್ಲಿಗೆ ಹೋಗಿ ಇಳಿಯಬಹುದು. ಆದರೂ ಪಶ್ಚಿಮದಲ್ಲಿ ಬರೆದದ್ದನ್ನು ಪೂರ್ವದಲ್ಲಿ ಹೇಗೆ ಓದುತ್ತಾರೆ ಎಂಬುದು ಬರೆದವರ ಕಣ್ಣಿಗೆ ಬೀಳುವುದು ಕಡಿಮೆ. ಕಚೇರಿಯ ಪರದೆಯಲ್ಲಿ ಇಂಗ್ಲಿಷ್ ಅಕ್ಷರ ಹೊತ್ತು ಅಚ್ಚುಕಟ್ಟಾಗಿ ಕೂತ ಬಟನ್ನು, ಕೆಲಸಗಾರನೊಬ್ಬನ ಫೋನಿನಲ್ಲಿ ತೆಲುಗಿಗೆ ತಿರುಗಿದ ಕೂಡಲೇ ಅಕ್ಷರದ ಬುಡ ಕಳೆದುಕೊಳ್ಳುವುದುಂಟು. ಬೀದರ್, ಕಲಬುರಗಿ, ರಾಯಚೂರಿನವರಿಗೆ ಹೈದರಾಬಾದು ನಿಜಾಮರ ಕಾಲದಿಂದಲೂ ದುಡಿಮೆಯ ಊರು. ಅವರು ಅದೇ ಆ್ಯಪನ್ನು ಕನ್ನಡಕ್ಕೆ ತಿರುಗಿಸಿದರೂ ಗತಿ ಬೇರೆಯಲ್ಲ. ಕತ್ತರಿಸಿಹೋದ ಒತ್ತಕ್ಷರ ಕಂಡಾಗ ಫಾಂಟನ್ನೋ ಅನುವಾದಕರನ್ನೋ ದೂರುವುದು ನಮ್ಮಲ್ಲಿ ರೂಢಿ. ಬರಹ ಎಷ್ಟು ಎತ್ತರ ಇರಬೇಕೆಂದು ಬರಹವನ್ನು ನೋಡುವ ಮೊದಲೇ ನಿಗದಿ ಮಾಡಿಟ್ಟ ಕೋಡಿನಲ್ಲಿ ತಪ್ಪಿದೆ, ಅಲ್ಲೇ ಅದನ್ನು ತಿದ್ದಬೇಕು ಎಂಬುದು ಈ ಲೇಖನದ ವಾದ.

ತಪ್ಪು ಹುಟ್ಟುವ ಬಗೆ ಸರಳ. ಇಂಗ್ಲಿಷ್ ಅಕ್ಷರಗಳಲ್ಲಿ ಸಾಲಿನಿಂದ ಕೆಳಗಿಳಿಯುವವು ನಾಲ್ಕೈದು ಮಾತ್ರ, ಅವೂ ಹೆಚ್ಚು ಇಳಿಯುವುದಿಲ್ಲ. ಕನ್ನಡದಲ್ಲಿ ಮೇಲೆ ತಲೆಕಟ್ಟು, ಗುಡಿಸು; ಕೆಳಗೆ ಒತ್ತು, ವಟ್ರಸುಳಿ. ‘ರಾಷ್ಟ್ರೀಕೃತ ಬ್ಯಾಂಕ್’ ಎಂದು ಬರೆಯಲು ಒಂದೇ ಅಕ್ಷರದ ಕೆಳಗೆ ಎರಡು ಒತ್ತು ಕೂರಬೇಕು. ಗೂಗಲ್‌ನ ಈಚಿನ ಮೆಟೀರಿಯಲ್ ವಿನ್ಯಾಸ ಪದ್ಧತಿಯಲ್ಲಿ ಸಾಮಾನ್ಯ ಬಟನ್ನಿನ ಎತ್ತರ ಪರದೆಯ ಅಳತೆಯಲ್ಲಿ 40 ಅಂಶ, ಅದರೊಳಗಿನ ಬರಹದ ಅಳತೆ 14, ಸಾಲಿನ ಎತ್ತರ 20. ಇಂಗ್ಲಿಷಿಗೆ ಇಲ್ಲಿ ಜಾಗ ಬೇಕಾದಷ್ಟಿದೆ. ಕಣ್ಣು ಮಂಜಾದವರು ಫೋನಿನ ಅಕ್ಷರವನ್ನು ಇಮ್ಮಡಿ ಮಾಡಿಕೊಂಡರೆ, ಆಂಡ್ರಾಯ್ಡ್ 14ರಿಂದ ಅದಕ್ಕೆ ಅವಕಾಶವಿದೆ, ಸಾಲೊಂದೇ 40ರ ಹತ್ತಿರ ಬಂದುಬಿಡುತ್ತದೆ. ಮೇಲೆ ಕೆಳಗೆ ಉಳಿಯುವ ತೆರಪು ತೀರಾ ಕಡಿಮೆ. ಆ 40ನ್ನು ಕೋಡ್ ಬರೆಯುವವರು ‘ಕನಿಷ್ಠ ಎತ್ತರ’ ಎಂದು ಬರೆದಿದ್ದರೆ ಬಟನ್ನು ಬರಹದೊಂದಿಗೆ ಬೆಳೆಯುತ್ತದೆ. ‘ಎತ್ತರ 40’ ಎಂದಷ್ಟೇ ಬರೆದಿದ್ದರೆ ಮಿಕ್ಕದ್ದು ಕತ್ತರಿಸಿಹೋಗುತ್ತದೆ. ಇಡೀ ಸಮಸ್ಯೆಯ ಬಹುಪಾಲು ಈ ಒಂದು ಪದದ ವ್ಯತ್ಯಾಸದಲ್ಲಿದೆ. ಬರಹದ ಅಳತೆ ಬಳಕೆದಾರರ ಇಚ್ಛೆಯಂತೆ ಹಿಗ್ಗುವ ಮಾನದಲ್ಲಿ, ಪೆಟ್ಟಿಗೆಯ ಅಳತೆ ಹಿಗ್ಗದ ಮಾನದಲ್ಲಿ ಇದ್ದರೆ ಒಂದಲ್ಲ ಒಂದು ದಿನ ಎರಡೂ ಡಿಕ್ಕಿಯಾಗಲೇಬೇಕು.

ಇದನ್ನು ಅಂದಚಂದದ ಪ್ರಶ್ನೆ ಎಂದು ತಳ್ಳಿಹಾಕುವಂತಿಲ್ಲ. ನೇಕಾರರ ಅರ್ಜಿಯಲ್ಲಿ ‘ಮಗ್ಗ’ ಎಂಬುದರ ಒತ್ತು ಮರೆಯಾದರೆ ಉಳಿಯುವುದು ‘ಮಗ’. ಎಷ್ಟು ಮಗ್ಗಗಳಿವೆ ಎಂಬ ಪ್ರಶ್ನೆಗೆ ಅರ್ಜಿದಾರ ಯಾವ ಉತ್ತರ ತುಂಬಬೇಕು? ಮೊತ್ತ, ಸಂಖ್ಯೆ, ಒಪ್ಪಿಗೆ, ರದ್ದು, ಸಲ್ಲಿಸಿ, ಇಲ್ಲ: ಹಣ ಕಳಿಸುವ, ಅರ್ಜಿ ತುಂಬುವ ಯಾವ ಆ್ಯಪಿನಲ್ಲೂ ಪದೇ ಪದೇ ಬರುವ ಪದಗಳಿವು. ಎಲ್ಲದರಲ್ಲೂ ಒತ್ತಿದೆ. ಹುಬ್ಬಳ್ಳಿ, ಬಳ್ಳಾರಿ, ಕೊಪ್ಪಳ, ಉತ್ತರ ಕನ್ನಡ ಎಂದು ಜಿಲ್ಲೆ ಊರುಗಳ ಪಟ್ಟಿ ತೆರೆದರೂ ಅಷ್ಟೇ. ಒತ್ತು ಎಂಬುದು ಕನ್ನಡದಲ್ಲಿ ಎಲ್ಲೋ ಅಪರೂಪಕ್ಕೆ ಬರುವ ಅಲಂಕಾರವಲ್ಲ. ಅದಿಲ್ಲದೆ ಒಂದು ಪೂರ್ತಿ ವಾಕ್ಯ ಬರೆಯುವುದೇ ಕಷ್ಟ.

ಆಂಡ್ರಾಯ್ಡ್ ಈ ಸಮಸ್ಯೆಗೆ ಬಹಳ ಕಾಲ ಒಂದು ಅಡ್ಡದಾರಿ ಹಿಡಿದಿತ್ತು. ಗೂಗಲ್‌ನ ನೋಟೊ ಅಕ್ಷರಗಳಲ್ಲಿ ಕನ್ನಡಕ್ಕೆ ಎರಡು ರೂಪಗಳಿವೆ: ಸಹಜ ಎತ್ತರದ್ದು ಒಂದು, ಪರದೆಯ ಬಟನ್ನು, ಪಟ್ಟಿಗಳಿಗಾಗಿ ಕುಗ್ಗಿಸಿದ್ದು ಇನ್ನೊಂದು. ಇಂಗ್ಲಿಷಿಗೆಂದು ಕಟ್ಟಿದ ಲೇಔಟ್ ಕೆಡಬಾರದು ಎಂಬ ಕಾರಣಕ್ಕೆ ನಮ್ಮ ಕಣ್ಣಿಗೆ ಹೆಚ್ಚಾಗಿ ಬೀಳುತ್ತಿದ್ದದ್ದು ಕುಗ್ಗಿಸಿದ ರೂಪವೇ. ಪೆಟ್ಟಿಗೆ ಚಿಕ್ಕದೆಂದು ಅಕ್ಷರವನ್ನು ಅದುಮುವುದು ನೆಗಡಿಯಾಯಿತೆಂದು ಮೂಗು ಕೊಯ್ದ ಹಾಗೆ. ಆ ದಾರಿಯಿಂದ ಗೂಗಲ್ಲೇ ಈಗ ಹಿಂದೆ ಸರಿದಿದೆ. 2022ರ ಆಂಡ್ರಾಯ್ಡ್ 13ರಲ್ಲಿ ತೆಲುಗು, ತಮಿಳು, ಬರ್ಮೀಸ್, ಟಿಬೆಟನ್‌ನಂಥ ಲಿಪಿಗಳಿಗೆ ಆಯಾ ಭಾಷೆಗೆ ತಕ್ಕ ಸಾಲಿನ ಎತ್ತರ ಬಂತು. 2024ರ ಆಂಡ್ರಾಯ್ಡ್ 15ಕ್ಕೆ ಹೊಂದಿಸಿದ ಆ್ಯಪ್‌ಗಳಲ್ಲಿ ಸಹಜ ಎತ್ತರದ ಅಕ್ಷರವೇ ಮೊದಲ ಆಯ್ಕೆಯಾಯಿತು. 2025ರ ಆಂಡ್ರಾಯ್ಡ್ 16ಕ್ಕೆ ಹೊಂದಿಸುವ ಆ್ಯಪ್‌ಗಳಿಗೆ ಕುಗ್ಗಿಸಿದ ರೂಪಕ್ಕೆ ಮರಳುವ ಬಾಗಿಲೂ ಮುಚ್ಚಿದೆ. ಕನ್ನಡ, ತೆಲುಗು, ಮಲಯಾಳಂ, ಒಡಿಯಾ, ಗುಜರಾತಿ, ಥಾಯ್ ಮೊದಲಾದ ಲಿಪಿಗಳನ್ನು ಹೆಸರಿಸಿಯೇ, ನಿಮ್ಮ ಲೇಔಟ್‌ಗಳನ್ನು ಸರಿಪಡಿಸಿಕೊಳ್ಳಿ ಎಂದು ಕೋಡ್ ಬರೆಯುವವರಿಗೆ ಗೂಗಲ್ ತಿಳಿಸಿದೆ.

ಹಾಗಾದರೆ ಕಾಲವೇ ಇದನ್ನು ಸರಿಮಾಡುತ್ತದಲ್ಲ, ಆ್ಯಪ್ ಮಾಡುವವರು ಏಕೆ ತಲೆಕೆಡಿಸಿಕೊಳ್ಳಬೇಕು ಎಂದು ಕೇಳಬಹುದು. ಪರಿಣಾಮ ಇದಕ್ಕೆ ತಿರುಗಾಮುರುಗಾ. ಆಂಡ್ರಾಯ್ಡ್ ಕೊಟ್ಟಿರುವುದು ಅಕ್ಷರಕ್ಕೆ ಅದರ ನಿಜವಾದ ಎತ್ತರವನ್ನು. ಪೆಟ್ಟಿಗೆಯನ್ನು ಹಿಗ್ಗಿಸುವುದು ಆ್ಯಪಿನ ಕೋಡಿಗೇ ಬಿಟ್ಟ ಕೆಲಸ. ಕುಗ್ಗಿಸಿದ ಅಕ್ಷರ ಹೇಗೋ ತೂರಿಕೊಂಡಿದ್ದ ಜಾಗದಲ್ಲಿ ಸಹಜ ಅಕ್ಷರ ಬಂದಾಗ, ಎತ್ತರ ನಿಗದಿಯಾದ ಹಳೆಯ ಪರದೆಗಳು ಮೊದಲಿಗಿಂತ ಹೆಚ್ಚೇ ಕತ್ತರಿಸುತ್ತವೆ. ಪ್ಲೇ ಸ್ಟೋರ್ ಕೂಡ ಹೊಸ ಆ್ಯಪ್‌ಗಳು, ಪರಿಷ್ಕೃತ ಆವೃತ್ತಿಗಳು ಹೊಸ ಆಂಡ್ರಾಯ್ಡ್‌ಗೆ ಹೊಂದಿಕೊಳ್ಳಲೇಬೇಕೆಂದು ವರ್ಷವರ್ಷವೂ ಗಡುವು ಹಾಕುತ್ತದೆ. 2025ರ ಆಗಸ್ಟ್ 31ರಂದು ಆ ಮಟ್ಟ ಆಂಡ್ರಾಯ್ಡ್ 15ಕ್ಕೆ ಏರಿತು. ಹೀಗಾಗಿ ಇದು ಮುಂದೆಂದೋ ನೋಡಿಕೊಳ್ಳಬಹುದಾದ ಕೆಲಸವಾಗಿ ಉಳಿದಿಲ್ಲ.

ನಮ್ಮ ಲಿಪಿಗಳನ್ನು ಪರೀಕ್ಷಿಸದೆ ಬಿಟ್ಟರೆ ಏನಾಗುತ್ತದೆಂಬುದಕ್ಕೆ ದೊಡ್ಡ ಸಾಕ್ಷಿ ತೆಲುಗಿನಿಂದಲೇ ಸಿಕ್ಕಿದೆ. 2018ರ ಫೆಬ್ರವರಿಯಲ್ಲಿ ‘ಜ್ಞಾ’ ರೂಪದ ಒಂದು ತೆಲುಗು ಅಕ್ಷರ, ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತದೊಂದಿಗೆ ಬಂದಾಗ, ಐಫೋನಿನ ಆ್ಯಪ್‌ಗಳು ಕುಸಿದು ಬೀಳುತ್ತಿದ್ದವು. ಸಂದೇಶದಲ್ಲಿ ಆ ಒಂದು ಅಕ್ಷರ ಬಂದರೆ ಸಾಕಿತ್ತು. ಜಗತ್ತಿನ ಪತ್ರಿಕೆಗಳೆಲ್ಲ ಬರೆದವು. ಫೆಬ್ರವರಿ 19ಕ್ಕೆ ಆ್ಯಪಲ್ ಐಒಎಸ್ 11.2.6 ಹೊರತಂದು ತಿದ್ದಿತು. ಸಂಯುಕ್ತಾಕ್ಷರದ ತೊಡಕನ್ನು ಬೇಗ ಬಿಡಿಸಲು ಸಾಧ್ಯವಿದೆ ಎಂಬುದು ಅಲ್ಲಿ ಸಿದ್ಧವಾಯಿತು. ಫೋನು ನಿಂತುಹೋದರೆ ಎಲ್ಲರೂ ನೋಡುತ್ತಾರೆ. ಒತ್ತು ಕತ್ತರಿಸಿದರೆ ಫೋನು ನಿಲ್ಲುವುದಿಲ್ಲ, ಓದುವವರು ತಡವರಿಸುತ್ತಾರೆ ಅಷ್ಟೇ, ಮತ್ತು ತಡವರಿಸಿದವರ ಲೆಕ್ಕ ಯಾವ ಕಂಪನಿಯ ದೋಷಪಟ್ಟಿಗೂ ತಾನಾಗಿ ಹೋಗುವುದಿಲ್ಲ. ಈ ದೋಷ ಇಷ್ಟು ದಿನ ಉಳಿದದ್ದಕ್ಕೆ ಇದೇ ಮುಖ್ಯ ಕಾರಣ.

ಎತ್ತರದ ಜೊತೆಗೆ ಎಣಿಕೆಯ ತೊಡಕೂ ಇದೆ. ‘ಶಾಸ್ತ್ರ’ ಎಂಬುದರಲ್ಲಿ ನಮಗೆ ಕಾಣುವುದು ಎರಡು ಅಕ್ಷರ. ಯೂನಿಕೋಡ್ ಲೆಕ್ಕದಲ್ಲಿ ಅದು ಏಳು ಸಂಕೇತ. ಹೆಸರು ಉದ್ದವಾಯಿತೆಂದು ಸಂಕೇತ ಎಣಿಸಿ ಕತ್ತರಿಸುವ ಕೋಡು ‘ಶಾಸ್’ ಎಂದು ನಿಲ್ಲಿಸುತ್ತದೆ. ಶ್ರೀನಿವಾಸ ಎಂಬವರ ಹೆಸರಿನ ಮೊದಲಕ್ಷರವನ್ನು ದುಂಡನೆಯ ಚಿತ್ರದಲ್ಲಿ ತೋರಿಸಹೊರಟು ಬರಿಯ ‘ಶ’ ತೋರಿಸುತ್ತದೆ. ಕಣ್ಣಿಗೆ ಕಾಣುವ ಅಕ್ಷರದಂತೆ ಎಣಿಸಲು ಯೂನಿಕೋಡ್ ಒಕ್ಕೂಟದ್ದೇ ನಿಯಮಗಳಿವೆ. 2023ರ 15.1ನೇ ಆವೃತ್ತಿಯಲ್ಲಿ ಸಂಯುಕ್ತಾಕ್ಷರವನ್ನು ಒಡೆಯದೆ ಒಂದೇ ಘಟಕವಾಗಿ ಎಣಿಸುವ ನಿಯಮ ಸೇರಿದಾಗ ಅದರ ವ್ಯಾಪ್ತಿಗೆ ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ಮಲಯಾಳಂ, ತೆಲುಗು ಬಂದವು. ಕನ್ನಡ ಬರಲಿಲ್ಲ. ಒಂದೇ ಮೂಲದಿಂದ ಕವಲೊಡೆದು, ಯೂನಿಕೋಡ್ ಪಟ್ಟಿಯಲ್ಲೂ ಅಕ್ಕಪಕ್ಕದಲ್ಲೇ ಕೂತಿರುವ ಎರಡು ಲಿಪಿಗಳಲ್ಲಿ ಆ ನಿಯಮದಂತೆ ತೆಲುಗಿನ ‘ಶಾಸ್ತ್ರ’ ಎರಡು ಘಟಕ, ಕನ್ನಡದ್ದು ನಾಲ್ಕು. ಇಂಥ ನಿಯಮಗಳು ರೂಪುಗೊಳ್ಳುವ ಕಡೆ ನಮ್ಮ ಸರ್ಕಾರ, ವಿಶ್ವವಿದ್ಯಾಲಯಗಳ ಕಡೆಯಿಂದ ಗಟ್ಟಿಯಾಗಿ ಕೇಳುವವರು ಬೇಕು. ಕೋಡ್ ಬರೆಯುವವರಾದರೂ ಸಿದ್ಧ ಎಣಿಕೆಯನ್ನು ಕಣ್ಣುಮುಚ್ಚಿ ನಂಬದೆ ಕನ್ನಡದಲ್ಲಿ ಪರೀಕ್ಷಿಸಿ ನೋಡಬೇಕು.

ವಿನ್ಯಾಸಕಾರರ ಆಕ್ಷೇಪ ಬೇರೆ ಬಗೆಯದು: ಸಾಲುಗಳ ಎತ್ತರ ಹೆಚ್ಚಿಸಿದರೆ ಪರದೆ ಸಡಿಲವಾಗುತ್ತದೆ, ಒಂದು ನೋಟಕ್ಕೆ ಎಂಟು ಸಾಲು ಕಾಣುತ್ತಿದ್ದಲ್ಲಿ ಆರು ಕಾಣುತ್ತವೆ. ಮಾತು ನಿಜ, ಆದರೆ ಆರು ಸಾಲು ಪೂರ್ತಿ ಕಾಣುವುದು ಎಂಟು ಸಾಲು ಅರೆಬರೆ ಕಾಣುವುದಕ್ಕಿಂತ ಮೇಲು. ಕನಿಷ್ಠ ಎತ್ತರದ ಪದ್ಧತಿಯಲ್ಲಿ ಇಂಗ್ಲಿಷ್ ಓದುವವರ ಪರದೆ ಒಂದಿಷ್ಟೂ ಬದಲಾಗುವುದಿಲ್ಲ. ಬೆಳೆಯುವುದು ಬೇಕಾದ ಕಡೆ ಮಾತ್ರ. ಅನುವಾದಕರು ಚಿಕ್ಕ ಪದ ಬಳಸಲಿ ಎಂಬ ಸಲಹೆಯಲ್ಲೂ ಅರ್ಧ ಸತ್ಯವಿದೆ. ‘ಪರಿಶೀಲಿಸಲಾಗುತ್ತಿದೆ’ ಎಂಬಂಥ ಕಚೇರಿ ಕನ್ನಡ ಯಾವ ಬಟನ್ನಿಗೂ ಹಿಡಿಸದು, ‘ನೋಡುತ್ತಿದ್ದೇವೆ’ ಎಂದರೆ ಸಾಕು. ಆದರೆ ಪದ ಚಿಕ್ಕದಾದರೆ ಉಳಿಯುವುದು ಅಗಲ. ‘ಇಲ್ಲ’ ಎಂಬ ಎರಡಕ್ಷರದ ಪದಕ್ಕೂ ಕೆಳಗೆ ಜಾಗ ಬೇಕೇ ಬೇಕು.

ಫೋನನ್ನು ಕನ್ನಡದಲ್ಲಿ ಇಟ್ಟುಕೊಳ್ಳುವವರೇ ಕಡಿಮೆ, ಅಷ್ಟು ಜನರಿಗಾಗಿ ಇಷ್ಟು ಖರ್ಚೇಕೆ ಎಂಬುದು ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ. ವ್ಯಾಪಾರದ ಲೆಕ್ಕದಲ್ಲಿ ಇದಕ್ಕೆ ತೂಕವೂ ಇದೆ. ಎರಡು ಕಾರಣಕ್ಕೆ ಇದನ್ನು ಒಪ್ಪಲಾಗದು. ಕನ್ನಡದಲ್ಲಿ ಪರದೆ ಕೆಟ್ಟು ಕಂಡಾಗ ಬಳಕೆದಾರರು ಇಂಗ್ಲಿಷಿಗೆ ಮರಳುತ್ತಾರೆ, ಮರಳಿದವರ ಸಂಖ್ಯೆಯನ್ನೇ ತೋರಿಸಿ ಕನ್ನಡಕ್ಕೆ ಬೇಡಿಕೆಯಿಲ್ಲ ಎನ್ನುವುದು ಕಾರಣ ಮತ್ತು ಪರಿಣಾಮವನ್ನು ಅದಲುಬದಲು ಮಾಡಿದಂತೆ. ಮತ್ತೊಂದು, ಫೋನು ಇಂಗ್ಲಿಷಿನಲ್ಲಿದ್ದರೂ ಅದರೊಳಗೆ ಬರುವ ಮಾಹಿತಿ ಇಂಗ್ಲಿಷಿನಲ್ಲೇ ಇರಬೇಕೆಂದಿಲ್ಲ. ಸಂಪರ್ಕ ಪಟ್ಟಿಯಲ್ಲಿ ಬರೆದಿಟ್ಟ ಹೆಸರು, ಸುದ್ದಿಯ ತಲೆಬರಹ, ಅಂಗಡಿಯ ವಿಳಾಸ, ತಾಯಿಯ ಸಂದೇಶ ಕನ್ನಡದಲ್ಲೇ ಬರುತ್ತವೆ. ಇಂಗ್ಲಿಷಿಗೆಂದು ಅಳೆದ ಪೆಟ್ಟಿಗೆಯೊಳಗೆ ಅವೂ ಸಿಕ್ಕಿಬೀಳುತ್ತವೆ.

ಖರ್ಚಿನ ಮಾತಿಗೆ ಬಂದರೆ, ಅದು ಯಾವಾಗ ಶುರುಮಾಡುತ್ತೇವೆ ಎಂಬುದರ ಮೇಲೆ ನಿಂತಿದೆ. ಇನ್ನೂರು ಪರದೆ ಸಿದ್ಧವಾದ ಮೇಲೆ ಒಂದೊಂದನ್ನೂ ತೆರೆದು ಎಲ್ಲಿ ಕತ್ತರಿಸಿದೆ ಎಂದು ಹುಡುಕಿ, ಅಲ್ಲಲ್ಲಿ ಬರಹದ ಸುತ್ತ ನಾಲ್ಕು ಅಂಶ ತೆರಪು (ಪ್ಯಾಡಿಂಗ್) ಸೇರಿಸುವುದು ಸಾಮಾನ್ಯ ರೂಢಿ. ಅದು ದುಬಾರಿಯೂ ಹೌದು, ಬಾಳಿಕೆ ಬಾರದ್ದೂ ಹೌದು. ಆ್ಯಪಿನಲ್ಲಿ ಮತ್ತೆ ಮತ್ತೆ ಬಳಸುವ ಬಟನ್ನು, ಪಟ್ಟಿಯ ಸಾಲು, ನಮೂನೆಯ ಖಾನೆ ಇಷ್ಟನ್ನು ಒಂದು ಕಡೆ ಸರಿಯಾಗಿ ಕಟ್ಟಿದರೆ ಎಲ್ಲ ಪರದೆಗಳೂ ಅದರಿಂದಲೇ ಸರಿಯಾಗುತ್ತವೆ. ಪಕ್ಕಪಕ್ಕದ ಎರಡು ಬಟನ್ನುಗಳ ಬರಹ ಹಿಡಿಸದಿದ್ದರೆ ಒಂದರ ಕೆಳಗೊಂದು ಬರುವಂತೆ ಮಾಡಬೇಕು, ಅಕ್ಷರ ಚಿಕ್ಕದಾಗಿಸುವ ಸುಲಭದ ದಾರಿ ಹಿಡಿಯಬಾರದು. ಪರೀಕ್ಷೆಗೆ ಆಂಡ್ರಾಯ್ಡ್‌ನಲ್ಲಿ ಇಂಗ್ಲಿಷ್ ಪದಗಳನ್ನೇ ಉದ್ದಮಾಡಿ, ಅಕ್ಷರಗಳಿಗೆ ಚಿಹ್ನೆ ಸೇರಿಸಿ ತೋರಿಸುವ ಹುಸಿಭಾಷೆಯೊಂದಿದೆ. ಅಗಲದ ದೋಷ ಅದರಲ್ಲಿ ಸಿಗುತ್ತದೆ. ಒತ್ತಿನ ಆಳ ಅದರಲ್ಲಿ ಇಲ್ಲದ್ದರಿಂದ ನಮ್ಮ ದೋಷ ಸಿಗುವುದಿಲ್ಲ. ಕನ್ನಡದಲ್ಲೇ ಪರೀಕ್ಷಿಸಬೇಕು, ಅದೂ ಅಕ್ಷರವನ್ನು ಅತಿ ದೊಡ್ಡದಾಗಿಸಿ.

ಖಾಸಗಿ ಕಂಪನಿಗಳು ತಾವಾಗಿ ಮಾಡಲಿ ಎಂದು ಕಾಯುವ ಬದಲು ಸರ್ಕಾರ ತನ್ನ ಆ್ಯಪ್‌ಗಳಿಂದ ಶುರುಮಾಡಬಹುದು. 2016ರ ಭಾರತೀಯ ಮಾನಕ ಐಎಸ್ 16333ರ ಮೂರನೆಯ ಭಾಗ, ಮಾರಾಟವಾಗುವ ಪ್ರತಿ ಮೊಬೈಲಿನಲ್ಲೂ ಸಂವಿಧಾನದ ಎಂಟನೆಯ ಪರಿಚ್ಛೇದದ 22 ಭಾಷೆಗಳ ಬರಹ ಓದಲು ಬರಬೇಕು ಎಂದು ಫೋನು ತಯಾರಕರಿಗೆ ಹೊಣೆ ಹೊರಿಸಿತು. ಆ ಫೋನಿನೊಳಗಿನ ಆ್ಯಪ್‌ಗಳಿಗೂ ಅಂಥದೇ ಹೊಣೆ ಬೇಕು. ಅಂಗಡಿಯ ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಇರಬೇಕೆಂದು 2024ರಲ್ಲಿ ಕಾನೂನು ತಿದ್ದಿದ ಕರ್ನಾಟಕ, 2020ರಲ್ಲಿ ರೈತರ ಕೈಗೇ ಬೆಳೆ ಸಮೀಕ್ಷೆಯ ಆ್ಯಪ್ ಕೊಟ್ಟ ರಾಜ್ಯವೂ ಹೌದು. ಹೊಲದಲ್ಲಿ ನಿಂತು ಬಿಸಿಲಿನಲ್ಲಿ ಓದುವವರಿಗೆ ಫಲಕದಷ್ಟೇ ಮುಖ್ಯ ಕೈಯಲ್ಲಿರುವ ಪರದೆ. ಇ-ಆಡಳಿತ ಇಲಾಖೆ ಟೆಂಡರಿನಲ್ಲಿ ಒಂದು ಷರತ್ತು ಸೇರಿಸಲಿ: ಬರಹವಿರುವ ಯಾವ ಪೆಟ್ಟಿಗೆಗೂ ಬದಲಾಗದ ಎತ್ತರ ಇರಕೂಡದು, ರಾಷ್ಟ್ರೀಕೃತ, ಸ್ವಾತಂತ್ರ್ಯ, ಮಗ್ಗ, ಕೃಷಿ, ಹುಬ್ಬಳ್ಳಿ ಮೊದಲಾದ ಪದಗಳ ಒಂದು ಪಟ್ಟಿಯನ್ನು ಪ್ರತಿ ಪರದೆಯಲ್ಲೂ ಅತಿ ದೊಡ್ಡ ಅಕ್ಷರದಲ್ಲಿ ಹಾಯಿಸಿ, ತೆಗೆದ ಚಿತ್ರಗಳನ್ನು ಬಿಲ್ಲಿನೊಂದಿಗೆ ಲಗತ್ತಿಸಬೇಕು, ಒಂದು ಒತ್ತು ಕತ್ತರಿಸಿದ್ದರೂ ಕಂತಿನ ಹಣ ಬಿಡುಗಡೆಯಾಗಬಾರದು. ತೆಲಂಗಾಣ ಅದೇ ಪಟ್ಟಿಯನ್ನು ತೆಲುಗಿನ ಪದಗಳಲ್ಲಿ ಮಾಡಿಕೊಂಡರೆ, ಬೆಂಗಳೂರು ಮತ್ತು ಹೈದರಾಬಾದಿನ ಸಾಫ್ಟ್‌ವೇರ್ ಕಚೇರಿಗಳು ಬರೆಯಬೇಕಾದ ಪರೀಕ್ಷೆ ಒಂದೇ ಆಗುತ್ತದೆ.