ಊರು ಬಿಟ್ಟವರು: ಸಾಬುನ್ನ ಆನಿ ಮ್ಯಾಲಿಂದ ಇಳಿಯಾಕ ಬಿಡಲಿಲ್ಲ

1/7
ಗೆಳೆಯರ, ಈ ಸಲದ ಫೋಟೋದಾಗ ಇರೋ ಹುಡುಗ ಯಾರು ಹೇಳ್ರಿ ನೋಡೋಣ. ತಲಿಗೆ ರುಮಾಲು, ಬರಿಮೈ, ಬಾಯಿತುಂಬ ನಗು, ಕೆಳಗ ಆನಿ.

ಹೆಸರು ಸಾಬು. ಹುಟ್ಟಿದ್ದು 1924ರಲ್ಲಿ, ಈಗಿನ ಮೈಸೂರು ಜಿಲ್ಲೆ ಹೆಗ್ಗಡದೇವನಕೋಟೆ ತಾಲೂಕಿನ ಕಾರಾಪುರದಲ್ಲಿ. ಹಾಲಿವುಡ್‌ನಲ್ಲಿ ಸ್ಟಾರ್ ಅನಿಸಿಕೊಂಡ ಮೊದಮೊದಲ ಭಾರತೀಯರಲ್ಲಿ ಒಬ್ಬ.

ಇಂಥವರ ಬಗ್ಗೆ ನಾವು ಹಾಕೋ ಪೋಸ್ಟ್ ಎಲ್ಲಾ ಒಂದ ನಮೂನಿ ಇರ್ತಾವು. ಬಡ ಹುಡುಗ, ಅದೃಷ್ಟ, ಫಾರಿನ್, ಹೆಮ್ಮೆ, ಕೊನಿಗೆ ಎರಡು ಬೆಂಕಿ ಇಮೋಜಿ. ನಾನೂ ಹಂಗ ಬರೀಬೇಕಂತ ಕುಂತಿದ್ದೆ. ಆದ್ರ ಅವನ ಸಿನಿಮಾಗಳ ಪಟ್ಟಿ ಒಂದರ ಕೆಳಗ ಒಂದು ಬರಕೊಂಡಾಗ ಕೈ ನಿಂತಿತು. ಈ ಕಥಿಯೊಳಗ ಹೆಮ್ಮೆ ಐತಿ, ಇಲ್ಲ ಅನ್ನಂಗಿಲ್ಲ. ಆದ್ರ ಹಂಸಭಾವಿಯಿಂದ ನಾಳೆ ಬಸ್ ಹತ್ತೋ ನಮಗ ಅದಕ್ಕಿಂತ ಹೆಚ್ಚಿಗೆ ಒಂದು ಎಚ್ಚರಿಕೆ ಐತಿ.

2/7
ಮೊದಲು ಕಥೆ. ಸಾಬುವಿನ ತಂದೆ ಮಾವುತ. ತಂದೆ ತೀರಿಹೋದ ಮೇಲೆ ಹುಡುಗನಿಗೆ ಮೈಸೂರು ಮಹಾರಾಜರ ಆನೆಲಾಯವೇ ಆಸರೆ. 1930ರ ದಶಕದ ನಡುವೆ ರಾಬರ್ಟ್ ಫ್ಲಾಹರ್ಟಿ ಎಂಬ ಅಮೆರಿಕದ ನಿರ್ದೇಶಕ ಸಿನಿಮಾ ತೆಗೆಯಲು ಮೈಸೂರಿಗೆ ಬಂದ. ಕಥೆ ಕಿಪ್ಲಿಂಗ್‌ನದು. ನಿರ್ಮಾಪಕ ಲಂಡನ್ನಿನ ಅಲೆಕ್ಸಾಂಡರ್ ಕೋರ್ಡಾ. ಮಾವುತರ ಮನೆಯ ಹುಡುಗನ ಪಾತ್ರಕ್ಕೆ ನಿಜವಾದ ಮಾವುತನ ಮಗನೇ ಸಿಕ್ಕ.

ಸಾಬುಗೆ ಆಗ ಇಂಗ್ಲಿಷ್ ಬರ್ತಿರಲಿಲ್ಲ. ಮಾತುಗಳನ್ನ ಕೇಳಿ ಕೇಳಿ ಬಾಯಿಪಾಠ ಮಾಡಿ ಹೇಳಿದ. ಆಮೇಲೆ ಅಣ್ಣನ ಜೊತೆ ಅವನನ್ನು ಇಂಗ್ಲೆಂಡಿಗೆ ಕರೆದುಕೊಂಡು ಹೋದರು. ಅಲ್ಲಿಯೇ ಶಾಲೆ ಸೇರಿ ಭಾಷೆ ಕಲಿತ. 1937ರಲ್ಲಿ ‘ಎಲಿಫೆಂಟ್ ಬಾಯ್’ ತೆರೆಗೆ ಬಂತು, ವೆನಿಸ್ ಚಿತ್ರೋತ್ಸವದಲ್ಲಿ ನಿರ್ದೇಶನದ ಪ್ರಶಸ್ತಿ ಗೆದ್ದಿತು. ಸಾಬುಗೆ ಆಗಿನ್ನೂ 13 ವರ್ಷ. ನಮ್ಮಲ್ಲಿ ಎಂಟನೇತ್ತ ಓದೋ ವಯಸ್ಸು.

3/7
ಈಗ ಆ ಪಟ್ಟಿ ನೋಡ್ರಿ.

1938, ‘ದಿ ಡ್ರಮ್’. ಬ್ರಿಟಿಷರ ಗೆಳೆಯನಾದ ಗಡಿನಾಡಿನ ರಾಜಕುಮಾರ. ಈ ಸಿನಿಮಾ ನಮ್ಮ ಜನರನ್ನ ಕೀಳಾಗಿ ತೋರಿಸ್ತದ ಅಂತ ಬಾಂಬೆ, ಮದ್ರಾಸಿನಾಗ ಜನ ಪ್ರತಿಭಟನೆ ಮಾಡಿದ್ರು.
1940, ‘ದಿ ಥೀಫ್ ಆಫ್ ಬಾಗ್ದಾದ್’. ಬಾಗ್ದಾದಿನ ಪುಟ್ಟ ಕಳ್ಳ.
1942, ‘ಜಂಗಲ್ ಬುಕ್’. ತೋಳಗಳು ಸಾಕಿದ ಮೌಗ್ಲಿ. ಕಥೆ ನಡೆಯೋದು ಭಾರತದ ಕಾಡಿನಾಗ, ಶೂಟಿಂಗ್ ಆದದ್ದು ಕ್ಯಾಲಿಫೋರ್ನಿಯಾದಾಗ.

ಎರಡನೇ ಮಹಾಯುದ್ಧ ಶುರುವಾಗಿ ‘ಬಾಗ್ದಾದ್’ ಶೂಟಿಂಗ್ ಇಂಗ್ಲೆಂಡಿನಿಂದ ಅಮೆರಿಕಕ್ಕೆ ಹೋಯಿತು. ಹುಡುಗನೂ ಹೋದ, ಅಲ್ಲಿಯೇ ಉಳಿದ. ಯೂನಿವರ್ಸಲ್ ಕಂಪನಿ ಸಾಲಾಗಿ ಸಿನಿಮಾ ಕೊಟ್ಟಿತು: ‘ಅರೇಬಿಯನ್ ನೈಟ್ಸ್’, ‘ವೈಟ್ ಸ್ಯಾವೇಜ್’, ‘ಕೋಬ್ರಾ ವುಮನ್’. ಮೂರರಲ್ಲೂ ನಾಯಕಿ ಮರಿಯಾ ಮಾಂಟೆಜ್, ನಾಯಕ ಜಾನ್ ಹಾಲ್. ಸಾಬು ನಾಯಕನ ಪಕ್ಕದಾಗ ಓಡಾಡೋ ಹುಡುಗ. ಅರಬ್ ದೇಶ ಆದ್ರೂ ಅವನ, ಸಮುದ್ರದಾಗಿನ ಯಾವುದೋ ದ್ವೀಪ ಆದ್ರೂ ಅವನ. ಬಿಳಿಯರದ್ದಲ್ಲದ ಯಾವ ಊರಿನ ಕಥಿ ಇದ್ರೂ ಒಬ್ಬ ಸಾಬು ಸಾಕು ಅನ್ನೋ ಲೆಕ್ಕ.

4/7
ಇಲ್ಲಿ ಒಂದು ಹೋಲಿಕೆ ಮಾಡ್ರಿ. ಸಾಬುನ್ನ ಬೆಳೆಸಿದ ಅಲೆಕ್ಸಾಂಡರ್ ಕೋರ್ಡಾನೂ ವಲಸಿಗನೇ. ಹಂಗೇರಿಯಲ್ಲಿ ಹುಟ್ಟಿ, ಊರೂರು ಅಲೆದು ಲಂಡನ್ ಸೇರಿದವ. ಅವನು ಇಂಗ್ಲೆಂಡಿನ ರಾಜನ ಕಥೆ ತೆಗೆದ, ಬಾಗ್ದಾದಿನ ಕಥೆ ಮಾಡಿಸಿದ, 1942ರಲ್ಲಿ ‘ಸರ್’ ಪದವಿಯನ್ನೂ ಪಡೆದ. ‘ನೀನು ಹಂಗೇರಿಯವ, ಹಂಗೇರಿ ಕಥಿ ಅಷ್ಟ ಮಾಡು’ ಅಂತ ಅವನಿಗೆ ಯಾರೂ ಕಟ್ಟುಹಾಕಲಿಲ್ಲ. ಇಬ್ಬರೂ ಊರು ಬಿಟ್ಟವರೇ. ಒಬ್ಬ ತನಗೆ ಬೇಕಾದ ಕಥೆ ಆರಿಸಿಕೊಂಡ, ಇನ್ನೊಬ್ಬನನ್ನು ಕಥೆಗಳೇ ಆರಿಸಿಕೊಂಡವು.

ಪ್ರತಿಭೆ ಇರಲಿಲ್ಲ ಅಂತೀರಾ? ‘ಬಾಗ್ದಾದ್’ ಸಿನಿಮಾ ನೋಡ್ರಿ. ಭೂತದ ಜೊತೆ ಮಾತಿಗೆ ಮಾತು ಕೊಡೋ ಆ ಹುಡುಗ ಇಡೀ ಸಿನಿಮಾ ಹೊತ್ತುಕೊಂಡು ಓಡ್ತಾನ. ಪ್ರೀತಿ ಮಾಡೋ ರಾಜಕುಮಾರ ಪಕ್ಕದಾಗ ನಿಂತಿದ್ರೂ ನಮ್ಮ ಕಣ್ಣು ಅವನ ಮ್ಯಾಲಿರೋದಿಲ್ಲ.

5/7
ಪರದೆಯಿಂದ ಹೊರಗೆ ಅವನು ಬೇರೆಯೇ ಆಗಿದ್ದ. ಆ ಕಾಲದಲ್ಲಿ ಭಾರತೀಯರಿಗೆ ಅಮೆರಿಕದ ಪೌರತ್ವ ಸುಲಭಕ್ಕೆ ಸಿಗ್ತಿರಲಿಲ್ಲ. ಭಾರತೀಯರು ‘ಬಿಳಿಯರಲ್ಲ’, ಆದ್ದರಿಂದ ಪೌರತ್ವ ಇಲ್ಲ ಅಂತ 1923ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟೇ ಹೇಳಿತ್ತು. ಕಾನೂನು ಸಡಿಲಾದದ್ದು 1946ರಲ್ಲಿ. ಸಾಬುಗೆ ಪೌರತ್ವ ಸಿಕ್ಕಿದ್ದು ಯುದ್ಧದ ನಡುವೆ, 1944ರಲ್ಲಿ. ಅಮೆರಿಕದ ವಾಯುಪಡೆ ಸೇರಿ, ಬಿ-24 ಬಾಂಬರ್ ವಿಮಾನದ ಬಾಲದಲ್ಲಿ ಗನ್ ಹಿಡಿದು ಕೂತು ಪೆಸಿಫಿಕ್ ಸಾಗರದ ಮೇಲೆ ಯುದ್ಧ ಮಾಡಿದ. ‘ಡಿಸ್ಟಿಂಗ್ವಿಶ್ಡ್ ಫ್ಲೈಯಿಂಗ್ ಕ್ರಾಸ್’ ಎಂಬ ಶೌರ್ಯ ಪದಕ ಬಂತು.

ಇಂಥಾ ಮನುಷ್ಯ ತಿರುಗಿ ಬಂದ ಮೇಲೆ ಸಿಕ್ಕ ಪಾತ್ರ ಯಾವುವು? 1947ರಲ್ಲಿ ‘ಬ್ಲ್ಯಾಕ್ ನಾರ್ಸಿಸಸ್’ನಲ್ಲಿ ಒಡವೆ ಹಾಕಿಕೊಂಡ ಹಿಮಾಲಯದ ರಾಜಕುಮಾರ. ಅದೇ ಸಿನಿಮಾದಾಗ ಪಹಾಡಿ ಹುಡುಗಿಯ ಪಾತ್ರ ಮಾಡಿದ್ದು ಮೈಗೆಲ್ಲ ಕಂದು ಬಣ್ಣ ಬಳಿದುಕೊಂಡ ಜೀನ್ ಸಿಮ್ಮನ್ಸ್. ಬಿಳಿ ನಟಿ ಬಣ್ಣ ಹಚ್ಚಿಕೊಂಡು ಭಾರತೀಯಳಾಗಬಹುದಿತ್ತು. ಸಾಬು ಮಾತ್ರ ಅಮೆರಿಕದ ಮಾಜಿ ಸೈನಿಕನಾಗಿದ್ರೂ ಪರದೆ ಮ್ಯಾಲೆ ಅಮೆರಿಕದವನಾಗೋ ಹಂಗಿರಲಿಲ್ಲ. ಅದೇ ವರ್ಷ ‘ದಿ ಎಂಡ್ ಆಫ್ ದಿ ರಿವರ್’ನಲ್ಲಿ ಬ್ರೆಜಿಲ್ ಕಾಡಿನ ಆದಿವಾಸಿ.

6/7
ಇಲ್ಲಿತನಕ ನಾನೂ ‘ಹುಡುಗ’, ‘ಅವನು’ ಅಂತಲೇ ಬರಕೊಂತ ಬಂದೆ. ತಪ್ಪಾತು. ಸಾಬು ಅವರು 1948ರಲ್ಲಿ ಮದುವೆಯಾದರು, ಇಬ್ಬರು ಮಕ್ಕಳ ತಂದೆಯಾದರು. ಸಿನಿಮಾ ಕಡಿಮೆಯಾದಾಗ ಇಂಗ್ಲೆಂಡಿನ ಸರ್ಕಸ್ಸಿನಲ್ಲಿ ಮತ್ತೆ ಆನೆಗಳ ಜೊತೆ ನಿಂತರು.

ತವರಿನ ಬಾಗಿಲನ್ನಾದರೂ ತಟ್ಟಬಹುದಿತ್ತಲ್ಲ? ಆ ಮಾತೂ ನಡೆಯಿತು. ಮೆಹಬೂಬ್ ಖಾನ್ ತಮ್ಮ ‘ಮದರ್ ಇಂಡಿಯಾ’ದ ಬಿರ್ಜು ಪಾತ್ರಕ್ಕೆ ಅವರನ್ನು ಯೋಚಿಸಿದ್ದರು. ಆದರೆ ಭಾರತದಲ್ಲಿ ಕೆಲಸ ಮಾಡುವ ಪರವಾನಗಿ ಅವರಿಗೆ ಸಿಗಲಿಲ್ಲ. ಆ ಪಾತ್ರ ಸುನಿಲ್ ದತ್ ಮಾಡಿದರು, ಮುಂದಿನದು ನಿಮಗೆ ಗೊತ್ತು. ಅಮೆರಿಕದ ಸಿನಿಮಾಕ್ಕೆ ಅವರು ಎಂದೆಂದಿಗೂ ಭಾರತದವರು, ಭಾರತದ ಕಾಗದಪತ್ರಕ್ಕೆ ಅಮೆರಿಕದವರು.

1960ರಲ್ಲಿ ಹಾಲಿವುಡ್‌ನ ‘ವಾಕ್ ಆಫ್ ಫೇಮ್’ ರಸ್ತೆಯಲ್ಲಿ ಅವರ ಹೆಸರಿನ ನಕ್ಷತ್ರ ಕೂತಿತು. 1963ರ ಡಿಸೆಂಬರ್ 2ರಂದು ಹೃದಯಾಘಾತದಿಂದ ತೀರಿಕೊಂಡರು. ವಯಸ್ಸು ಬರೇ 39. ಕೊನೆಯ ಸಿನಿಮಾ ‘ಎ ಟೈಗರ್ ವಾಕ್ಸ್’ ಮರುವರ್ಷ ಬಂತು. ಅದರಲ್ಲಿ ಅವರ ಪಾತ್ರ, ಹುಲಿ ನೋಡಿಕೊಳ್ಳುವ ರಾಮ್ ಸಿಂಗ್. ಆನೆಯಿಂದ ಶುರುವಾದದ್ದು ಹುಲಿ ಹತ್ರ ಮುಗೀತು. ನಡುವೆ ಇಪ್ಪತ್ತೇಳು ವರ್ಷ.

7/7
ಇದಕ್ಕೂ ನಮಗೂ ಏನ್ ಸಂಬಂಧ ಅಂತೀರಿ?

ನಮ್ಮ ಕ್ಲಾಸಿನ ಒಬ್ಬ ಗೆಳೆಯ ಐದಾನ, ಹೆಸರು ಹೇಳಂಗಿಲ್ಲ, ನಿಮಗೆಲ್ಲ ಗೊತ್ತು. ಅವ ನಮ್ಮ ಭಾಷೆದಾಗ ಬೈಯ್ಯೋ ರೀಲ್ ಹಾಕಿದ್ರ ವ್ಯೂಸ್ ಸುರೀತಾವು. ಅದೇ ಹುಡುಗ ತಮ್ಮಪ್ಪನ ಗೋವಿನಜೋಳದ ಹೊಲದಾಗ ನಿಂತು, ಅದೇ ಭಾಷೆದಾಗ, ಸಾಲದ ಬಗ್ಗೆ ಗಂಭೀರವಾಗಿ ಮಾತಾಡಿದ. ಕಮೆಂಟಿನಾಗ ಬಂದದ್ದು ಒಂದ: ‘ಲೇ, ಕಾಮಿಡಿ ಯಾವಾಗ?’ ಬೆಂಗಳೂರಾಗ ಒಂದು ಆಡಿಷನ್‌ಗೆ ಹೋದಾಗಲೂ ಅವನಿಗೆ ಕೊಟ್ಟಿದ್ದು ಬೈಯ್ಯೋ ಸೀನ್ ಮಾತ್ರ. ಎಷ್ಟೋ ಸಿನಿಮಾದಾಗ ನಮ್ಮ ಮಾತು ನಗಸಾಕ ಇಲ್ಲಾ ಹೊಡದಾಟಕ್ಕ ಅಷ್ಟ. ಪ್ರೀತಿ ಮಾಡೋವ, ಡಾಕ್ಟರು, ಜಡ್ಜು ಎಲ್ಲರದೂ ಬ್ಯಾರೆ ಕನ್ನಡ.

ಜಾತ್ರಿ ನಾಟಕ ನೋಡಿದವರಿಗೆ ಗೊತ್ತು. ಹಾಸ್ಯ ಪಾತ್ರದಾಂವ ಅಳಕೊಂತ ಬಂದ್ರೂ ಮಂದಿ ನಗ್ತಾರ. ತಪ್ಪು ಅವನದಲ್ಲ.

ಹಂಗಂತ ಊರಿನ ಭಾಷೆ ಮುಚ್ಚಿಡ್ರಿ ಅಂತ ನಾನು ಹೇಳೋದಿಲ್ಲ. ಆನಿ ಇರದಿದ್ರ ಸಾಬು ಅವರನ್ನ ಯಾರೂ ಕಾಣ್ತಿರಲಿಲ್ಲ. ಮೊದಲನೇ ಬಾಗಿಲು ನಮ್ಮ ಊರು, ನಮ್ಮ ಮಾತಿನಿಂದಲೇ ತೆರೀಲಿ, ಅದು ತಪ್ಪಲ್ಲ. ಆದ್ರ ಎರಡನೇ ಬಾಗಿಲು ಕೇಳೋದನ್ನ ಬಿಡಬ್ಯಾಡ್ರಿ. ಸಾಬು ಅವರ ಕಾಲಕ್ಕ ಆ ಕೀಲಿ ಎಲ್ಲಾ ಕಂಪನಿಯವರ ಕೈಯಾಗಿತ್ತು. ನಮ್ಮ ಕಾಲಕ್ಕ ಅರ್ಧ ಕೀಲಿ ನೋಡೋರ ಕೈಯಾಗ ಐತಿ. ನೋಡೋರು ಅಂದ್ರ ನೀವು, ನಾನು.

ಅದಕ್ಕ ಒಂದ ಕೇಳ್ತೀನಿ. ಆ ಗೆಳೆಯನ ಹೊಲದ ವಿಡಿಯೋ ಇನ್ನೂ ಪ್ರೊಫೈಲ್‌ನಾಗ ಐತಿ. ಇವತ್ತು ಕೊನಿತನಕ ನೋಡ್ರಿ. ‘ಕಾಮಿಡಿ ಯಾವಾಗ’ ಅಂತ ಬರದವರು ಅದನ್ನ ಅಳಸ್ರಿ. ಆ ಕಮೆಂಟಿಗೆ ನಗೋ ಇಮೋಜಿ ಒತ್ತಿದವರೊಳಗ ನಾನೂ ಒಬ್ಬಾಕಿ. ನಿನ್ನೆ ರಾತ್ರಿ ತೆಗದೆ.

#ಊರುಬಿಟ್ಟವರು #ಸಾಬು #ಹಂಸಭಾವಿ #ನಮ್ಮಮಾತು