ಕಿವಿ ಮಿಷನ್ನಿಗೆ ಕನ್ನಡದ ಪರೀಕ್ಷೆ

ಕಿವಿ ಮಿಷನ್ ಹಾಕಿಸಿದ ಮೊದಲ ವಾರ ನಮ್ಮ ದೊಡ್ಡಮ್ಮನ ದೂರು ಒಂದೇ: "ಎಲ್ಲಾ ಕೇಳ್ಸುತ್ತೆ ಕಣೋ, ಏನಂದ್ರು ಅನ್ನೋದೇ ತಿಳಿಯಲ್ಲ." ಕುಕ್ಕರಿನ ಕೂಗು, ಫ್ಯಾನಿನ ಗರಗರ, ಬೀದಿಯ ಆಟೋ ಎಲ್ಲವೂ ಒಟ್ಟಿಗೇ ಒಳನುಗ್ಗುತ್ತಿದ್ದವು. ಸೊಸೆ ಆಡಿದ ಮಾತು ಆ ಸಂತೆಯಲ್ಲಿ ಕಳೆದುಹೋಗುತ್ತಿತ್ತು. ಸದ್ದು ಕಿವಿಗೆ ಬೀಳುವುದಕ್ಕೂ ಮಾತು ತಿಳಿಯುವುದಕ್ಕೂ ಇರುವ ಈ ಅಂತರವನ್ನು ಕನ್ನಡದಲ್ಲೇ ಅಳೆಯುವ ಕೋಲು ಸಿದ್ಧವಾದದ್ದು ನಮ್ಮ ಮೈಸೂರಿನಲ್ಲಿ.

ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಶುರುವಾದದ್ದು 1965ರಲ್ಲಿ. ಆಟೋದವರಿಗೆ 'ಸ್ಪೀಚ್ ಅಂಡ್ ಹಿಯರಿಂಗ್' ಎಂದರೆ ಸಾಕು. ಒಂದು ಕಾಲಕ್ಕೆ ಅದರ ನಿರ್ದೇಶಕರಾಗಿದ್ದ ನ. ರತ್ನ ಅವರು 'ಎಲ್ಲಿಗೆ' ಎಂಬ ಅಸಂಗತ ನಾಟಕ ಬರೆದವರು, ಸಮತೆಂತೋ ನಾಟಕ ತಂಡ ಕಟ್ಟಿದವರಲ್ಲಿ ಒಬ್ಬರು. ಹಗಲು ಮಾತು ಬಾರದವರ ಚಿಂತೆ, ಸಂಜೆ ಮಾತಾಡಿಯೂ ಒಬ್ಬರಿಗೊಬ್ಬರು ತಿಳಿಯದವರ ನಾಟಕ!

ಶ್ರವಣ ಪರೀಕ್ಷೆಯಲ್ಲಿ ಮೊದಲು ಬರುವುದು ಬರೀ ಪೀಂ ಪೀಂ ಸದ್ದು. ಎಷ್ಟು ಮೆಲ್ಲನೆಯದು ಕೇಳುತ್ತದೆ ಎಂದು ಅದು ಹೇಳುತ್ತದೆ, ಅಷ್ಟೇ. ಆಮೇಲೆ ಪದಗಳ ಸರದಿ: ಕೇಳಿಸಿದ ಪದವನ್ನು ತಿರುಗಿ ಹೇಳಬೇಕು. ಇಂಗ್ಲಿಷಿನಲ್ಲಿ ಇದಕ್ಕೆ ಒಂದೇ ಉಸಿರಿನ ಪುಟ್ಟ ಪದಗಳನ್ನು ಬಳಸುವುದು ವಾಡಿಕೆ. ಕನ್ನಡದಲ್ಲಿ ಅಂಥವು ಎಷ್ಟಿವೆ? ಕೈ, ಹೂ, ಬಾ ಎಂದು ಎಣಿಸುವುದರೊಳಗೆ ದಣಿಯುತ್ತೇವೆ. ನಮ್ಮ ಹೆಚ್ಚಿನ ಪದಗಳು ಸ್ವರದಲ್ಲಿ ನಿಲ್ಲುವಂಥವು, ಎರಡಕ್ಷರವಾದರೂ ಬೇಕೇ ಬೇಕು. ಹಾಗಾಗಿ 2005ರಲ್ಲಿ ಸಂಸ್ಥೆ ರೂಪಿಸಿದ ಕನ್ನಡ ಪಟ್ಟಿಗಳಲ್ಲಿ ಎರಡಕ್ಷರದ ಪದಗಳೇ ಇವೆ. ಒಂದೊಂದು ಪಟ್ಟಿಗೆ 25 ಪದ. ಒಂದು ತಪ್ಪಿದರೆ ನೂರಕ್ಕೆ ನಾಲ್ಕು ಹೋಯಿತು. ಆಡುಮಾತಿನಲ್ಲಿ ಧ್ವನಿಗಳು ಯಾವ ಪ್ರಮಾಣದಲ್ಲಿ ಬರುತ್ತವೋ ಪಟ್ಟಿಯಲ್ಲೂ ಹೆಚ್ಚುಕಡಿಮೆ ಅದೇ ಪ್ರಮಾಣ.

ದೊಡ್ಡಮ್ಮನಿಗೆ ಸ್ವರಗಳೆಲ್ಲ ಕೇಳುತ್ತವೆ. ಅವು ದಪ್ಪ ದನಿಯವು. ವಯಸ್ಸಾದ ಕಿವಿ ಮೊದಲು ಬಿಟ್ಟುಕೊಡುವುದು ಹೆಚ್ಚು ಕಂಪನಾಂಕದ ಸದ್ದುಗಳನ್ನು. ಸ, ಶಗಳಂಥ ಸಣ್ಣ ವ್ಯಂಜನಗಳು ಇರುವುದೇ ಅಲ್ಲಿ. 'ಸರಿ' ಎಂದದ್ದು 'ಕರಿ'ಯೋ 'ಅರಿ'ಯೋ ಆಗಿಬಿಡುತ್ತದೆ. ಮಿಷನ್ ಎಲ್ಲವನ್ನೂ ಒಂದೇ ಸಮ ಏರಿಸಿದರೆ ಪ್ರಯೋಜನವಿಲ್ಲ. ಯಾವ ಸದ್ದನ್ನು ಎಷ್ಟು ಏರಿಸಬೇಕು ಎಂಬ ಲೆಕ್ಕ ಬೇಕು. ಆಸ್ಟ್ರೇಲಿಯಾದಲ್ಲಿ ಹುಟ್ಟಿದ, ಜಗತ್ತೆಲ್ಲ ಬಳಸುವ ಅಂಥ ಒಂದು ಸೂತ್ರ ಚೀನೀಯಂಥ ರಾಗಭಾಷೆಗಳಿಗೆ ಒಂದು ಲೆಕ್ಕ, ಉಳಿದ ಭಾಷೆಗಳಿಗೆ ಇನ್ನೊಂದು ಲೆಕ್ಕ ಇಟ್ಟಿದೆ. ಕನ್ನಡ ಆ 'ಉಳಿದವು' ಗುಂಪಿನಲ್ಲಿ ಇಂಗ್ಲಿಷಿನ ಪಕ್ಕ ಕುಳಿತಿದೆ.

ನನಗೆ ಈ ಲೆಕ್ಕ ಸಾಲದು ಅನ್ನಿಸುತ್ತದೆ. ಕನ್ನಡದ ವಾಕ್ಯದಲ್ಲಿ ಬಂದವರು ಯಾರು, ಹೋದವರು ಯಾರು ಎಂಬುದು ಕ್ರಿಯಾಪದದ ಕೊನೆಯಲ್ಲಿ ಅಡಗಿರುತ್ತದೆ, ಆ ಕ್ರಿಯಾಪದ ವಾಕ್ಯದ ಕೊನೆಯಲ್ಲಿ. ಉಸಿರು ಮುಗಿದು ದನಿ ಇಳಿಯುವುದೂ ಅಲ್ಲೇ. 'ಬರ್ತಾನೆ', 'ಬರ್ತಾಳೆ' ಎರಡರಲ್ಲೂ ಬಾಲವನ್ನು ನಾವು ನುಂಗಿಯೇ ಆಡುತ್ತೇವೆ. ನುಂಗಿದ್ದನ್ನು ಯಾವ ಮಿಷನ್ ಹೊರತೆಗೆದೀತು?

ಸೊಸೆ ಈಗ ಒಲೆಯ ಮುಂದಿನಿಂದ ಕೂಗುವುದಿಲ್ಲ. ಎದುರಿಗೆ ಬಂದು ನಿಂತು, ಕೊನೆಯ ಅಕ್ಷರದವರೆಗೂ ದನಿ ಹಿಡಿದು ಹೇಳುತ್ತಾಳೆ. ಮೊನ್ನೆ "ನಾಳೆ ಬರ್ತಾಳೆ" ಎಂದಳು. ದೊಡ್ಡಮ್ಮ ತಕ್ಷಣ, "ಒಬ್ಳೇನಾ? ಅಳಿಯಂದಿರು?"