ಪ್ರತಿಭೆಗೆ ಬಾಗಿಲು ಬೇಡವೇ?

‘ಪ್ರತಿಭೆ ಇದ್ದರೆ ದಾರಿ ತಾನಾಗಿಯೇ ತೆರೆಯುತ್ತದೆ’. ಬಿಇ ಓದುವ ನನ್ನಂಥವರು ಪ್ಲೇಸ್‌ಮೆಂಟ್ ತರಬೇತಿಗಳಲ್ಲಿ ಪದೇ ಪದೇ ಕೇಳುವ ಮಾತಿದು. ಕೇಳಲು ಹಿತ. ಆದರೆ ಪೋರ್ಚುಗಲ್‌ನ ಮಿಡ್‌ಫೀಲ್ಡರ್ ಕಿಕಾ ನಜರೆ ಅವರ ವೃತ್ತಿಬದುಕನ್ನು ಗಮನಿಸುತ್ತಾ ಹೋದರೆ ಈ ಮಾತು ಅರ್ಧ ಸತ್ಯ ಅನ್ನಿಸುತ್ತದೆ.

ಕಿಕಾ ಹುಟ್ಟಿದ್ದು 2002ರಲ್ಲಿ, ಲಿಸ್ಬನ್‌ನಲ್ಲಿ. 2023ರ ಜುಲೈನಲ್ಲಿ ನ್ಯೂಜಿಲೆಂಡ್‌ನಲ್ಲಿ ನಡೆದ ವಿಶ್ವಕಪ್ ಪಂದ್ಯದಲ್ಲಿ ವಿಯೆಟ್ನಾಂ ವಿರುದ್ಧ ಗೋಲು ಹೊಡೆದಾಗ ಅವರಿಗೆ ಇಪ್ಪತ್ತು ವರ್ಷ, ಅಂದರೆ ಈಗ ನನಗಿರುವಷ್ಟೇ ವಯಸ್ಸು. 2–0 ಅಂತರದ ಆ ಗೆಲುವು ಮಹಿಳಾ ವಿಶ್ವಕಪ್‌ನಲ್ಲಿ ಪೋರ್ಚುಗಲ್‌ನ ಮೊದಲ ಗೆಲುವು. ಮುಂದಿನ ಪಂದ್ಯದಲ್ಲಿ ಹಾಲಿ ಚಾಂಪಿಯನ್ ಅಮೆರಿಕವನ್ನು ಇದೇ ತಂಡ 0–0ಗೆ ಕಟ್ಟಿಹಾಕಿತು. ಕೊನೇ ಗಳಿಗೆಯಲ್ಲಿ ಅನಾ ಕಾಪೆಟಾ ಹೊಡೆದ ಚೆಂಡು ಕಂಬಕ್ಕೆ ಬಡಿಯದೆ ಒಳಗೆ ಹೋಗಿದ್ದರೆ ಅಮೆರಿಕ ಗುಂಪು ಹಂತದಲ್ಲೇ ಮನೆಗೆ ಹೋಗಬೇಕಿತ್ತು!

ಅದೇ ತಂಡದ ನಾಯಕಿ ಡೊಲೊರೆಸ್ ಸಿಲ್ವಾ ಕೂಡ ಮಿಡ್‌ಫೀಲ್ಡರ್. 1991ರಲ್ಲಿ ಹುಟ್ಟಿದವರು, ಕಿಕಾಗಿಂತ ಹನ್ನೊಂದು ವರ್ಷ ದೊಡ್ಡವರು. ಅವರು ಆಡಿದ ‘ಪ್ರಿಮೈರೊ ದೆ ದೆಜೆಂಬ್ರೊ’ ಎಂಬ ಪುಟ್ಟ ಕ್ಲಬ್ 2012ರವರೆಗೆ ಸತತ 11 ಬಾರಿ ದೇಶದ ಲೀಗ್ ಗೆದ್ದಿತ್ತು. ಆಗ ಬೆನ್‌ಫಿಕಾ, ಸ್ಪೋರ್ಟಿಂಗ್‌ನಂಥ ದೈತ್ಯ ಕ್ಲಬ್‌ಗಳು ಆ ಲೀಗ್‌ನಲ್ಲೇ ಇರಲಿಲ್ಲ. ಹೀಗಾಗಿ ದೇಶದ ಅತ್ಯುತ್ತಮ ಕ್ಲಬ್‌ನಲ್ಲಿದ್ದರೂ ಡೊಲೊರೆಸ್ 2011ರಲ್ಲಿ, ಇಪ್ಪತ್ತರ ಆಸುಪಾಸಿನಲ್ಲಿ, ಜರ್ಮನಿಯ ಡೂಯಿಸ್‌ಬರ್ಗ್‌ಗೆ ಹೊರಟರು. ಇಬ್ಬರದೂ ಒಂದೇ ದೇಶ, ಒಂದೇ ಆಟ. ಆದರೆ ಇಪ್ಪತ್ತರ ಹೊತ್ತಿಗೆ ಇಬ್ಬರ ಎದುರಿಗಿದ್ದ ದಾರಿಗಳು ಬೇರೆ ಬೇರೆ.

ನಡುವೆ ಬದಲಾಗಿದ್ದೇನು? 2016ರಲ್ಲಿ ಪೋರ್ಚುಗಲ್ ಫುಟ್‌ಬಾಲ್ ಫೆಡರೇಷನ್ ಮಹಿಳಾ ಲೀಗ್ ಅನ್ನು ವಿಸ್ತರಿಸಿ, ಪುರುಷರ ದೊಡ್ಡ ಕ್ಲಬ್‌ಗಳಿಗೆ ಆಹ್ವಾನ ಕೊಟ್ಟಿತು. ಸ್ಪೋರ್ಟಿಂಗ್, ಬ್ರಾಗಾ ಬಂದವು. ಅದೇ ವರ್ಷದ ಅಕ್ಟೋಬರ್‌ನಲ್ಲಿ ರೊಮೇನಿಯಾ ವಿರುದ್ಧದ ಪ್ಲೇಆಫ್‌ನಲ್ಲಿ ಆಂಡ್ರಿಯಾ ನಾರ್ಟನ್ ಹೊಡೆದ ಗೋಲಿನಿಂದ ದೇಶ ಮೊದಲ ಬಾರಿಗೆ ಮಹಿಳಾ ಯೂರೊಗೆ ಅರ್ಹತೆ ಪಡೆಯಿತು. 2017ರ ಡಿಸೆಂಬರ್‌ನಲ್ಲಿ ಬೆನ್‌ಫಿಕಾ ಮಹಿಳಾ ತಂಡ ಘೋಷಿಸಿದಾಗ ಕಿಕಾಗೆ ಹದಿನೈದು ವರ್ಷ. ತನ್ನ ಊರಿನಲ್ಲೇ ದೊಡ್ಡ ಕ್ಲಬ್, ಒಳ್ಳೆಯ ಮೈದಾನ, ನುರಿತ ಕೋಚ್‌ಗಳು! ಡೊಲೊರೆಸ್‌ಗೆ ಆ ವಯಸ್ಸಿನಲ್ಲಿ ಇದ್ಯಾವುದೂ ಸಿಕ್ಕಿರಲಿಲ್ಲ. ಇದರ ಮೇಲೆ, 2023ರಲ್ಲಿ ವಿಶ್ವಕಪ್ ತಂಡಗಳ ಸಂಖ್ಯೆ 24ರಿಂದ 32ಕ್ಕೆ ಏರಿತು. ಪ್ಲೇಆಫ್‌ನಲ್ಲಿ ಕ್ಯಾಮರೂನ್ ವಿರುದ್ಧ 2–1ರಿಂದ ಗೆದ್ದು ಪೋರ್ಚುಗಲ್ ಒಳಬಂತು.

ಹಾಗಂತ ಕಿಕಾ ಸಾಧನೆ ಬರೀ ಅದೃಷ್ಟವೇ? ಖಂಡಿತ ಅಲ್ಲ. ಬೆನ್‌ಫಿಕಾದ ಅದೇ ಬಾಗಿಲಿನಿಂದ ಒಳಬಂದವರು ಹಲವರು. ಸತತ ನಾಲ್ಕು ಲೀಗ್ ಪ್ರಶಸ್ತಿ ಗೆದ್ದ ಆ ತಂಡದಿಂದ 2024ರಲ್ಲಿ ಬಾರ್ಸಿಲೋನಾದ ಕರೆ ಬಂದಿದ್ದು ಅವರಿಗೆ. ಅಲ್ಲಿಯೂ ಎಲ್ಲವೂ ಸುಲಭವಾಗಲಿಲ್ಲ. ಪಾದದ ಗಾಯದಿಂದಾಗಿ 2025ರ ಮೇ ತಿಂಗಳಲ್ಲಿ ತಮ್ಮದೇ ಊರಾದ ಲಿಸ್ಬನ್‌ನಲ್ಲಿ ನಡೆದ ಚಾಂಪಿಯನ್ಸ್ ಲೀಗ್ ಫೈನಲ್ ಆಡಲಾಗಲಿಲ್ಲ. ಜುಲೈನಲ್ಲಿ ಯೂರೊಗೆ ಮರಳಿದರು. ಅದು ಅವರ ಛಲ, ಅವರ ಬೆವರು.

ಬಾಗಿಲು ತೆರೆದ ಮಾತ್ರಕ್ಕೆ ಎಲ್ಲವೂ ಸರಿಹೋಗುವುದೂ ಇಲ್ಲ. ಅದೇ ಯೂರೊದಲ್ಲಿ ಸ್ಪೇನ್ ಎದುರು ಪೋರ್ಚುಗಲ್ 0–5ರಿಂದ ಸೋತು, ಗುಂಪು ಹಂತದಲ್ಲೇ ಹೊರಬಿತ್ತು. ನೆರೆಯ ಸ್ಪೇನ್ ಜತೆಗಿನ ಅಂತರ ಇನ್ನೂ ದೊಡ್ಡದಿದೆ. ಎತ್ತರದ ಮಟ್ಟದಲ್ಲಿ ಆಡಬೇಕೆಂದರೆ ಕಿಕಾ ಕೂಡ ಕೊನೆಗೆ ದೇಶ ಬಿಡಲೇಬೇಕಾಯಿತು. ವ್ಯತ್ಯಾಸವೆಂದರೆ ಅವರು ಹೋಗಿದ್ದು ಮನೆಯಲ್ಲೇ ಹೆಸರು ಗಳಿಸಿದ ಮೇಲೆ.

ಕೆಲಸ ಹುಡುಕುವ ನಾವೂ ಯೋಚಿಸಬೇಕಾದ ವಿಷಯವಿದು. ಒಂದು ಕಡೆ ಆಯ್ಕೆಯಾಗದಿದ್ದರೆ ‘ನನ್ನಲ್ಲೇ ಏನೋ ಕೊರತೆ’ ಎಂದು ಕುಗ್ಗುತ್ತೇವೆ. ಡೊಲೊರೆಸ್‌ರಲ್ಲಿ ಕೊರತೆಯೇನೂ ಇರಲಿಲ್ಲ, ಊರಿನಲ್ಲಿ ತಕ್ಕ ತಂಡ ಇರಲಿಲ್ಲ ಅಷ್ಟೆ. ಅಭ್ಯಾಸ ನಮ್ಮ ಪಾಲಿನ ಕೆಲಸ, ಅದನ್ನು ಬಿಡುವಂತಿಲ್ಲ. ಬಾಗಿಲು ಕಟ್ಟುವುದು ಸಂಸ್ಥೆಗಳ ಕೆಲಸ, ಅದನ್ನು ಕೇಳುವುದಕ್ಕೆ ನಾವು ಹಿಂಜರಿಯಬೇಕಿಲ್ಲ. ಫೆಡರೇಷನ್ ಒಂದು ನಿರ್ಧಾರ ಮಾಡಿ ಏಳು ವರ್ಷ ಕಳೆಯುವಷ್ಟರಲ್ಲಿ ಒಂದು ದೇಶ ವಿಶ್ವಕಪ್ ಆಡಿತು. ಪೋರ್ಚುಗಲ್‌ನ ಹುಡುಗಿಯರಲ್ಲಿ ಪ್ರತಿಭೆ ಅದಕ್ಕೂ ಮೊದಲೇ ಇತ್ತು.